ಕಾಡುಪಾಪದ ಹಲಗೆ

ಸ್ಟೌವಿನ ಮೇಲೆ ಮೈದಾ ಅಂಟು ಕುದಿಯುತ್ತಿತ್ತು. ಅದಕ್ಕೆ ನಾಲ್ಕು ಹನಿ ಬೇವಿನೆಣ್ಣೆ ಬಿಟ್ಟಿದ್ದೇ ತಡ, ಮನೆಯೆಲ್ಲ ಕಹಿ ನಾತ. ಮೂಗು ಮುಚ್ಚಿಕೊಂಡು ಕಿಟಕಿ ತೆರೆಯುವಾಗ ನಗು ಬಂತು. ಈ ನಾತ ಗುಬ್ಬಿ ಊರಿನ ಸ್ಕೂಲಿನದು, ನಮ್ಮ ಡ್ರಾಯಿಂಗ್ ಮಿಸ್ ಜೊತೆ ಕಳೆದ ಸಂಜೆಗಳದು...

ಆಗ ನಾನು ಆ ಸ್ಕೂಲಿಗೆ ಹೊಸ ಸೈನ್ಸ್ ಟೀಚರ್. ಅವರು ಇನ್ನೇನು ರಿಟೈರ್ ಆಗಲಿದ್ದವರು. ಅಳಿವಿನಂಚಿನ ಪ್ರಾಣಿಗಳದ್ದೊಂದು ಚಾರ್ಟ್ ಬರೆದುಕೊಡಿ ಎಂದು ಕೇಳಿದ್ದಕ್ಕೆ ಕನ್ನಡಕದ ಮೇಲಿನಿಂದ ನೋಡಿದರು. "ಚಾರ್ಟ್ ಬರೆದ್ರೆ ಗೋಡೆಗೆ ಚಂದ ಕಣಮ್ಮ, ಮಕ್ಳು ತಿರುಗೂ ನೋಡಲ್ಲ. ಆಟ ಮಾಡಣ" ಎಂದರು.

ಹಾಗೆ ಶುರುವಾಯಿತು. ಐದು ರಟ್ಟಿನ ಹಲಗೆ, ಒಂದೊಂದಕ್ಕೆ ಒಂದೊಂದು ಪ್ರಾಣಿ: ಚಿಪ್ಪುಹಂದಿ, ತೋಳ, ರಣಹದ್ದು, ದೊರವಾಯನ ಹಕ್ಕಿ, ದುಂಡುಗಣ್ಣಿನ ಪುಟ್ಟ ಕಾಡುಪಾಪ. ಚಿತ್ರವನ್ನು ಬೇರೆ ರಟ್ಟಿಗೆ ಅಂಟಿಸಿ ತುಂಡು ಮಾಡಿ, ಪ್ರತಿ ತುಂಡಿನ ಹಿಂದೆ ಒಂದು ಪ್ರಶ್ನೆ. ಉತ್ತರ ಹೇಳಿದ ಮಗುವಿಗೆ ಆ ತುಂಡನ್ನು ಹಲಗೆಯ ಅಚ್ಚಿನಲ್ಲಿ ಕೂರಿಸುವ ಹಕ್ಕು. ಚಿತ್ರ ಅವರದು, ಪ್ರಶ್ನೆ ನನ್ನದು, ಜಗಳ ಇಬ್ಬರದೂ.

ಮಕ್ಕಳು ಬಾಯಿಗೆ ಹಾಕಿಕೊಂಡಾರು ಎಂದು ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಹಾಕಲು ಅವರು ಬಿಡಲಿಲ್ಲ. ಬದಲಿಗೆ ಗಟ್ಟಿಯಾಗಿ ಹಿಡಿಯಲಿ ಎಂದು ಬೆಲ್ಲ ಹಾಕಿದರು! ಸೋಮವಾರ ಬೀರು ತೆರೆದರೆ ಚಿಪ್ಪುಹಂದಿಯ ತುಂಬಾ ಇರುವೆ. ಇರುವೆ ತಿಂದು ಬದುಕುವ ಪ್ರಾಣಿಯನ್ನು ಇರುವೆಗಳೇ ಮುಗಿಸಿದ್ದವು. ನಾನು ಹಣೆ ಚಚ್ಚಿಕೊಂಡೆ. ಅವರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಬೇವಿನೆಣ್ಣೆ ಬಂದಿದ್ದು ಆಮೇಲೆ.

ಕಾಡುಪಾಪದ ಮಾತಿಗೆ ಮಾತ್ರ ಅವರು ನಗುತ್ತಿರಲಿಲ್ಲ. ಅವರು ಹುತ್ರಿದುರ್ಗದ ಕಡೆಯವರು. ಚಿಕ್ಕಂದಿನಲ್ಲಿ ಬೇಲಿಯಲ್ಲಿ ಸಿಕ್ಕ ಕಾಡುಪಾಪವನ್ನು ಅಪಶಕುನವೆಂದು ಊರವರು ಕಲ್ಲಿನಲ್ಲಿ ಹೊಡೆದದ್ದನ್ನು ಕಣ್ಣಾರೆ ಕಂಡಿದ್ದರಂತೆ. ಅದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿತ್ತಂತೆ... ಬ್ರಶ್ ತೊಳೆಯುತ್ತ ಹೇಳುತ್ತಿದ್ದರು, "ಒಂದು ಮಗು ಅದನ್ನ ಕಂಡು ಕಲ್ಲು ತಗೊಳ್ದೆ ಇದ್ರೆ ಸಾಕು ಕಣಮ್ಮ. ಈ ಆಟ ಮಾಡಿದ್ದು ಸಾರ್ಥಕ."

ಅದಕ್ಕೇ ಕಾಡುಪಾಪದ ಹಲಗೆಯನ್ನು ನಡುವೆ ಇಟ್ಟಿದ್ದರು. ಉಳಿದ ನಾಲ್ಕೂ ಅದರ ಕಚ್ಚುಗಳಿಗೆ ಸಿಕ್ಕಿಕೊಂಡು ನಿಲ್ಲುವಂತೆ ಕತ್ತರಿಸಿದ್ದರು. ಇದರ ಮರ್ಮ ನನಗೆ ತಿಳಿದದ್ದು ಪೇರೆಂಟ್ಸ್ ಮೀಟಿಂಗಿನ ದಿನ. ಹತ್ತಿರದ ಕಡಬದಿಂದ ಬಂದಿದ್ದ ಒಬ್ಬ ತಾಯಿ ಚಿತ್ರ ನೋಡಿ ಸಿಡಿಮಿಡಿಗೊಂಡರು.

"ಏನ್ ಮಿಸ್, ಅದ್ರ ಮಕ ನೋಡುದ್ರೆ ಒಳ್ಳೇದಾಗಲ್ಲ. ತೆಗೆದಾಕಿ ಅತ್ಲಾಗೆ!"

ಇಷ್ಟು ದಿನದ ಕೆಲಸ ನೀರಿನಲ್ಲಿ ಹೋಮವಾಯಿತು ಎಂದುಕೊಂಡೆ. ಮಿಸ್ ಮಾತ್ರ ತಣ್ಣಗೆ, "ನೀವೇ ತೆಗೀರಮ್ಮ" ಎಂದರು.

ಆಕೆ ತೆಗೆದರು. ರಣಹದ್ದು ಒಂದು ಕಡೆ ಜಾರಿತು, ತೋಳ ಇನ್ನೊಂದು ಕಡೆ. ನಡುವೆ ದೊಡ್ಡ ಕಿಂಡಿ. ಆಕೆ ನಾಲ್ಕನ್ನೂ ಹಾಗೆ ಒತ್ತಿ, ಹೀಗೆ ತಿರುಗಿಸಿ ನೋಡಿದರು. ಆಗಲಿಲ್ಲ. ಬ್ಯಾಗು ಪಕ್ಕಕ್ಕಿಟ್ಟು ಕೂತೇ ಬಿಟ್ಟರು. ಮಗಳು ಕಿಸಿಕಿಸಿ ನಗುತ್ತಿದ್ದಳು. ಕೊನೆಗೆ ಕಾಡುಪಾಪವನ್ನು ತಮ್ಮ ಕೈಯಿಂದಲೇ ಮತ್ತೆ ನಡುವೆ ಕೂರಿಸಿದರು.

"ಇರ್ಲಿ ಬುಡಿ. ನಮ್ಮನೇಗೆ ಮಾತ್ರ ಕಳಿಸ್ಬೇಡಿ."

ಅಷ್ಟಕ್ಕೇ ಮಿಸ್ ಹಬ್ಬವೇ ಬಂದಂತೆ ಎಲ್ಲರಿಗೂ ಟೀ ತರಿಸಿದರು.

ರಿಟೈರ್ ಆದ ದಿನ ಆಟದ ಡಬ್ಬಿಯನ್ನು ನನ್ನ ಕೈಗಿಟ್ಟು ಕುಣಿಗಲ್ ಬಸ್ ಹತ್ತಿದರು. ತುಮಕೂರಿಗೆ ವರ್ಗವಾದಾಗ ಪಾತ್ರೆಪಗಡದ ಜೊತೆ ಅದೂ ಬಂತು. ಅವರು ತೀರಿಕೊಂಡ ಸುದ್ದಿ ಇಲ್ಲಿದ್ದಾಗಲೇ ತಿಳಿಯಿತು...

ನಿನ್ನೆ ಆಟದ ಪೀರಿಯಡ್ಡಿನಲ್ಲಿ ಊರ್ಡಿಗೆರೆಯ ಹುಡುಗಿಯೊಬ್ಬಳು ಕಾಡುಪಾಪದ ಹಲಗೆ ಹಿಡಿದು ನನ್ನ ಹತ್ತಿರ ಬಂದಳು. ಆಚೀಚೆ ನೋಡಿ ಕಿವಿಯಲ್ಲಿ ಹೇಳಿದಳು: "ಮಿಸ್, ನಮ್ಮ ಹುಣಸೆ ಮರದಲ್ಲಿ ಇದು ಐತೆ. ನಾನು ಯಾರ್ಗೂ ಹೇಳಿಲ್ಲ. ನೀವೂ ಹೇಳ್ಬೇಡಿ, ಹೊಡೀತಾರೆ."

ಹೇಳುವುದಿಲ್ಲ ಎಂದು ಅವಳ ಕೈಗೆ ಕೈಯಿಟ್ಟು ಮಾತು ಕೊಟ್ಟೆ. ಹೇಳಬೇಕು ಅನ್ನಿಸಿದ್ದು ಒಬ್ಬರಿಗೇ. ಅವರೂ ಇಲ್ಲ.

ಐದು ಹಲಗೆಗಳಲ್ಲಿ ಕಾಡುಪಾಪದ್ದೇ ಹೆಚ್ಚು ಸವೆದಿದೆ, ಅಂಚೆಲ್ಲ ಎದ್ದು ಬಂದಿದೆ. ಅಂಟು ಆರುವ ಮುಂಚೆ ಅದನ್ನೇ ಮೊದಲು ಅಂಟಿಸಲು ಕೂತೆ. ಸಿಕ್ಕಿತು ಮಿಸ್, ನೀವು ಕೇಳಿದ ಆ ಒಂದು ಮಗು.