ಕಡಲ ದಡದ ಆ ಅಂಕಲ್ ಯಾರು?

ಕಳೆದ ಭಾನುವಾರ ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿರುವ ಗೆಳತಿ ಸುಮಾಳ ಮನೆಗೆ ಊಟಕ್ಕೆ ಹೋಗಿದ್ದೆವು. ಬಿಸಿಬೇಳೆಬಾತ್ ಬಡಿಸುತ್ತಾ ಸುಮಾ ನನ್ನ ನಾಲ್ಕು ವರ್ಷದ ಮಗಳು ಇರಾಳನ್ನು ಮಾತಿಗೆಳೆದಳು.

"ಏನು ಪುಟ್ಟಿ, ಗ್ರೀಸ್‌ಗೆ ಹೋಗಿದ್ಯಂತೆ! ಏನೇನ್ ಮಾಡ್ದೆ ಅಲ್ಲಿ?"

ಇರಾ ಹಪ್ಪಳ ಮುರಿಯುತ್ತಾ ಹೇಳಿದಳು, "ಒನ್ ಅಂಕಲ್ ಟುಕ್ ಮಿ ಇನ್ ದ ವಾಟರ್."

ನನ್ನ ಕೈಯ ಚಮಚ ಅಲ್ಲೇ ನಿಂತಿತು. ಯಾವ ಅಂಕಲ್?

ಮೇ ತಿಂಗಳ ಹಾಫ್ ಟರ್ಮ್ ರಜೆಯಲ್ಲಿ ನಾವು ಹೋಗಿದ್ದು ಗ್ರೀಸ್‌ನ ಒಂದು ಪುಟ್ಟ ದ್ವೀಪಕ್ಕೆ. (ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ವರ್ಷ ನಾವಿರುವ ಸ್ಟ್ರಾಟ್‌ಫರ್ಡ್‌ನ ಅರ್ಧ ಜನ ಅಲ್ಲಿರುತ್ತಾರೆ.) ಒಂದು ಬೇಕರಿ, ಒಂದು ಚರ್ಚು, ಗೋಡೆಗೊಂದು ಬೆಕ್ಕು. ಬೀಚಿನಲ್ಲಿ ಜನವೇ ಇಲ್ಲ. ವಾರವಿಡೀ ನಮ್ಮ ಕಡೆಯ ಮುಖವೊಂದೂ ಕಣ್ಣಿಗೆ ಬೀಳಲಿಲ್ಲ. ಅಂಥಲ್ಲಿ ಅಂಕಲ್ ಎಲ್ಲಿಂದ ಬಂದ?

ಆದರೆ ನಮ್ಮ ಮಕ್ಕಳ ಲೋಕದಲ್ಲಿ ಅಂಕಲ್ ಅಲ್ಲದ ಗಂಡಸು ಯಾರಿದ್ದಾನೆ ಹೇಳಿ? ಬಾಯ್ಲರ್ ರಿಪೇರಿಗೆ ಬಂದವನು ಅಂಕಲ್. ಜಿಪಿ ಡಾಕ್ಟರೂ ಅಂಕಲ್. ಲಿಫ್ಟ್‌ನಲ್ಲಿ ಸಿಕ್ಕವನೂ ಅಂಕಲ್. "ದೊಡ್ಡವರನ್ನ ಹೆಸರು ಹಿಡಿದು ಕರೀಬಾರ್ದು" ಎಂದು ಕಲಿಸಿದವಳು ನಾನೇ. ಅಪರಿಚಿತರ ಜೊತೆ ಹೋಗಬೇಡಿ ಎಂದು ನರ್ಸರಿಯಲ್ಲಿ ಹೇಳಿಕೊಡುತ್ತಾರೆ, ನಿಜ. ಆದರೆ ಅಂಕಲ್ ಆದವನು ಅಪರಿಚಿತ ಹೇಗಾಗುತ್ತಾನೆ?

ಸ್ಟ್ಯಾನ್ಮೋರಿನಿಂದ ನಮ್ಮ ಸ್ಟ್ರಾಟ್‌ಫರ್ಡ್ ಎಂದರೆ ಟ್ಯೂಬ್ ರೈಲು ಮಾರ್ಗದ ಒಂದು ತುದಿಯಿಂದ ಇನ್ನೊಂದು ತುದಿ. ಜಗಳಕ್ಕೆ ಧಾರಾಳವಾಗಿ ಸಾಕು.

"ಬೀಚಲ್ಲಿ ಅವಳನ್ನ ನೀನು ನೋಡ್ಕೊಳ್ತಿದ್ದೆ ಅಲ್ವಾ?" ಗಂಡ ಗಿರೀಶನನ್ನು ಮೆಲ್ಲಗೆ ಕೇಳಿದೆ.

"ನಾನಾ? ನೀನು ನೋಡ್ಕೊಳ್ತಿದ್ದೀಯ ಅಂತ ತಾನೇ ನಾನು ಆಫೀಸ್ ಕಾಲ್ ತಗೊಂಡಿದ್ದು?"

"ಸಮುದ್ರಕ್ಕೂ ಆ ಕ್ಯಾನರಿ ವಾರ್ಫ್ ಆಫೀಸ್‌ನ ಕಟ್ಕೊಂಡು ಬಾ ನೀನು!"

"ನೀನು ಛತ್ರಿ ಕೆಳಗೆ ಕಾದಂಬರಿ ಓದ್ತಿರ್ಲಿಲ್ವಾ?"

"ಅದರ ಮೊದಲನೇ ಪುಟಾನೂ ದಾಟ್ಲಿಲ್ಲ ಕಣೋ!"

ಎದುರು ಸೀಟಿನ ಹೆಂಗಸಿಗೆ ಕನ್ನಡದ ಗಂಧವಿಲ್ಲ. ಆದರೂ ಎಲ್ಲವೂ ಅರ್ಥವಾದವಳಂತೆ ನೋಡುತ್ತಿದ್ದಳು.

ಇರಾಳ ಮೇಲಿಂದ ಕಣ್ಣು ತೆಗೆದಿರಲಿಲ್ಲ ಎಂದು ನಾನು ಆಣೆ ಇಟ್ಟು ಹೇಳಬಲ್ಲೆ. ಹಾಗೆಂದು ನನಗೆ ನೆನಪಿದೆ. (ನನ್ನ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲ. ಅದಕ್ಕೇ ದಿನಚರಿ ಬರೆಯುವುದು. ಆ ವಾರದ ಪುಟ ತೆಗೆದು ನೋಡಿದೆ. "ಟೊಮೆಟೊ ಬಹಳ ರುಚಿ" ಎಂದಿತ್ತು.)

ಮರುದಿನದಿಂದ ಇರಾಳ ವಿಚಾರಣೆ ಶುರುವಾಯಿತು. ಸ್ನಾನ ಮಾಡಿಸುವಾಗ, ಜಡೆ ಹಾಕುವಾಗ, ತೀರಾ ಸಹಜವೆಂಬಂತೆ.

"ಆ ಅಂಕಲ್‌ಗೆ ಗಡ್ಡ ಇತ್ತಾ ಪುಟ್ಟಾ?"

"ಯೆಸ್."

"ಜಾಸ್ತಿ ಗಡ್ಡಾನಾ?"

"ಲಾಟ್ಸ್ ಅಂಡ್ ಲಾಟ್ಸ್."

"ಏನಾದ್ರೂ ಕೊಟ್ನಾ ನಿಂಗೆ?"

ಸ್ವಲ್ಪ ಯೋಚಿಸಿದಳು. "ಚಾಕ್ಲೆಟ್."

"ಅಮ್ಮಂಗೆ ಹೇಳ್ಬೇಡ ಅಂದ್ನಾ?"

"ಯೆಸ್!"

ಪ್ರತಿ ಉತ್ತರ ಕೊಟ್ಟ ಮೇಲೂ ಅವಳು ನನ್ನ ಮುಖ ನೋಡುತ್ತಿದ್ದಳು, ಸರಿಯಾಯಿತಾ ಎಂಬಂತೆ. ಅದರ ಅರ್ಥ ನನಗೆ ಆಗ ಹೊಳೆಯಲೇ ಇಲ್ಲ.

ಬುಧವಾರ ನರ್ಸರಿಯಿಂದ ಬರುವಾಗ ಲಿಫ್ಟ್‌ನಲ್ಲಿ ನಮ್ಮ ಕೆಳಗಿನ ಮಹಡಿಯ ಮುದುಕ ಸಿಕ್ಕ. ಇರಾಳಿಗೆ ದಿನಾ ಹೈ-ಫೈವ್ ಕೊಡುವಾತ. ಎಂದಿನಂತೆ ಕೈ ಎತ್ತಿದ. ಅವಳು ನನ್ನ ಕೋಟಿನ ಹಿಂದೆ ಸರಿದು ಕೇಳಿದಳು, "ಅಮ್ಮಾ, ಈಸ್ ಹಿ ಅ ಬ್ಯಾಡ್ ಅಂಕಲ್?"

ಮುದುಕನ ಕೈ ಹಾಗೇ ಜೇಬು ಸೇರಿತು. ನಾನು ಏನೋ ಹೇಳಲು ಹೋದೆ, ಅಷ್ಟರಲ್ಲಿ ಅವನ ಮಹಡಿ ಬಂತು. ಮೈಯೆಲ್ಲಾ ಕಣ್ಣಾಗಿ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಕಾಯುತ್ತಿದ್ದೆನೋ, ಹೆದರಿಸುತ್ತಿದ್ದೆನೋ?

ಆ ಸಂಜೆ ಗಿರೀಶನಿಗೆ ಹೇಳಿಯೇಬಿಟ್ಟೆ. "ಪೊಲೀಸ್‌ಗೆ ತಿಳಿಸೋಣ."

"ಯಾವ ಪೊಲೀಸ್‌ಗೆ? ಏನಂತ? ಗಡ್ಡದ ಅಂಕಲ್ ಅಂತಾನಾ? ಅಲ್ಲಿ ಚರ್ಚಿನ ಪಾದ್ರಿಗೂ ಗಡ್ಡ ಇತ್ತು!"

"ಪಾದ್ರಿ ಯಾಕೆ ಆಗಿರ್ಬಾರ್ದು?"

ಸೋಫಾದ ಮೇಲಿದ್ದ ದೊಡ್ಡ ಮಗಳು ಮೈಥಿಲಿ ಹೆಡ್‌ಫೋನ್ ತೆಗೆದಳು. ಅವಳಿಗೆ ಒಂಬತ್ತು. ನಮ್ಮ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಓ ಮೈ ಗಾಡ್, ಅಮ್ಮಾ. ದಟ್ಸ್ ದ ಬೋಟ್ ಅಂಕಲ್. ಇಟ್ಸ್ ಆನ್ ಅಪ್ಪಾಸ್ ಫೋನ್!"

ಮೂವರೂ ಫೋನಿನ ಮೇಲೆ ಬಾಗಿದೆವು. ದೋಣಿಯೊಂದು ದಡದ ಹತ್ತಿರ ನಿಂತಿದೆ. ಇಳಿಯಲು ಮೊಣಕಾಲುದ್ದದ ನೀರು. ದೋಣಿಯವನು ಇರಾಳನ್ನು ಎತ್ತಿಕೊಂಡು ನೀರು ದಾಟಿಸಿ ಮರಳಿನ ಮೇಲೆ ನಿಲ್ಲಿಸುತ್ತಾನೆ. ನುಣ್ಣಗೆ ಶೇವ್ ಮಾಡಿದ ಮುಖ. ಕ್ಯಾಮೆರಾ ಹಿಂದೆ ಗಿರೀಶನ ನಗು. ಅದರ ಹಿಂದೆಯೇ ಒಂದು ಹೆಣ್ಣು ದನಿ: "ಇರಾ, ಅಂಕಲ್‌ಗೆ ಥ್ಯಾಂಕ್ಯೂ ಹೇಳು. ಹೇಳು ಪುಟ್ಟಾ."

ಅದು ನನ್ನ ದನಿ.

ದೋಣಿಯಲ್ಲಿ ಸುತ್ತಾಡಿದ್ದು ನಮ್ಮಿಬ್ಬರಿಗೂ ನೆನಪಿತ್ತು. ಇಳಿದದ್ದು ಹೇಗೆ? ಇಬ್ಬರ ತಲೆಯಲ್ಲೂ ಇಲ್ಲ. ಫೋನಿಗೆ ತುಂಬಿದ್ದನ್ನು ತಲೆಯಲ್ಲಿ ಮತ್ತೆ ಯಾರು ಇಟ್ಟುಕೊಳ್ಳುತ್ತಾರೆ? ಮಗು ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಭಾನುವಾರದ ಮಟ್ಟಿಗೆ. ಆಮೇಲಿನದಕ್ಕೆಲ್ಲ ನಾನು ಹೊಣೆ. ಗಂಡನನ್ನು ಅನುಮಾನಿಸಿದೆ, ದ್ವೀಪದ ಗಂಡಸರನ್ನೆಲ್ಲ ಅನುಮಾನಿಸಿದೆ, ಪಾದ್ರಿಯನ್ನೂ ಬಿಡಲಿಲ್ಲ. ನನ್ನ ಪ್ರಶ್ನೆಗಳ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಗಿರೀಶ ಬಿದ್ದು ಬಿದ್ದು ನಕ್ಕ. ನನಗೆ ಲಿಫ್ಟ್‌ನ ಮುದುಕನ ಕೈ ಕಣ್ಣ ಮುಂದೆ ಬಂತು. ಇರಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ವಿಡಿಯೋ ತೋರಿಸಿದೆ.

"ನೋಡು ಚಿನ್ನಾ, ಈ ಅಂಕಲ್ ತಾನೇ? ಗಡ್ಡ ಇಲ್ಲ, ಚಾಕ್ಲೆಟ್ ಇಲ್ಲ. ಅಮ್ಮಾನೂ ಅಲ್ಲೇ ಇದೀನಿ ನೋಡು. ಒಳ್ಳೇ ಅಂಕಲ್ ಅಲ್ವಾ?"

ಅವಳು ಗಂಭೀರವಾಗಿ ನೋಡಿದಳು. "ಅಗೇನ್" ಎಂದಳು. ಮತ್ತೆ ಹಾಕಿದೆ. ಮತ್ತೆ ನೋಡಿ ಅಡ್ಡಡ್ಡ ತಲೆಯಾಡಿಸಿದಳು.

"ನೋ, ಅಮ್ಮಾ. ದಟ್ಸ್ ಅ ಡಿಫರೆಂಟ್ ಅಂಕಲ್."

ನಾನೇ ಗಡ್ಡ ಅಂಟಿಸಿ, ಕೈಗೆ ಚಾಕ್ಲೆಟ್ ಕೊಟ್ಟು ಮಗಳ ತಲೆಯೊಳಗೆ ನಿಲ್ಲಿಸಿ ಬಂದ ಆ ಮನುಷ್ಯನನ್ನು ಇನ್ನು ಯಾವ ಪೊಲೀಸರು ಹಿಡಿದಾರು?