ಡಾಕ್ಟರಮ್ಮನ ಮೇಲಿನ ದೂರು

ಯಾದಗಿರಿಯ ಪಶು ಆಸ್ಪತ್ರೆಯಲ್ಲಿ ವೈದ್ಯರ ಹುದ್ದೆ ಖಾಲಿ ಬಿದ್ದಿತ್ತು. ಹಳ್ಳಿಗಳಲ್ಲಿರುವ ಒಳ್ಳೆಯ ವೈದ್ಯರೊಬ್ಬರನ್ನು ಆರಿಸಿ ವರದಿ ಕೊಡಲು ನನ್ನನ್ನು ಕಳಿಸಿದ್ದರು. ಸುರಪುರದ ಹತ್ತಿರ ಒಂದು ಊರಿಗೆ ಹೋದಾಗ, ಮಸ್ತಾನಸಾಬ್ ಎಂಬ ರೈತನ ಕೊಟ್ಟಿಗೆಯಲ್ಲಿ ಡಾಕ್ಟರಮ್ಮ ಎಮ್ಮೆಗೆ ಹೆರಿಗೆ ಮಾಡಿಸುತ್ತಿದ್ದರು. ಹೊರಗೆ ನಿಂತಿದ್ದ ಅವನನ್ನು, ನಿಮ್ಮ ಡಾಕ್ಟರು ಹೇಗೆ ಎಂದು ಕೇಳಿದೆ.

"ಏನ್ ಹೇಳ್ಲಿರಿ ಸಾಹೇಬ್ರ, ಭಾಳ ಸಿಟ್ಟಿನಾಕಿ. ಕರದ್ರ ಬರಂಗಿಲ್ಲ. ಕೈಗುಣಾನೂ ಇಲ್ಲ."

ಅಷ್ಟರಲ್ಲಿ ಒಳಗಿಂದ ಕೂಗು ಬಂತು: "ಮಸ್ತಾನಸಾಬ್, ಕರು ಉಸಿರಾಡಾಕತ್ತೈತಿ, ಬರ್ರಿ!"

ಅವನು ಓಡಿದ. ಹಿಂತಿರುಗಿದಾಗ ಮುಖದ ನಗುವನ್ನು ನನ್ನಿಂದ ಬಚ್ಚಿಡಲು ಅವನಿಂದಾಗಲಿಲ್ಲ.

"ಹಿಂದಿನ ಡಾಕ್ಟರ್‌ನ ಇದೇ ಜಾಗಾದಾಗ ನಿಂತು ಹೊಗಳಿದ್ನಿರಿ. ನಿಮ್ಮಂಥವ್ರು ಬಂದು ಕರ್ಕೊಂಡು ಹೋದ್ರು. ಆಮ್ಯಾಲ ಯಾರೂ ಬರ್ಲಿಲ್ಲ. ಹೊಟ್ಟ್ಯಾಗ ಕರು ಅಡ್ಡ ಆಗಿ ನನ್ನ ಎಮ್ಮಿ ಕಣ್ಮುಂದ ಸತ್ತಿತು."

ಡಾಕ್ಟರಮ್ಮ ಕೈ ತೊಳೆಯುತ್ತ ಹೊರಬಂದರು. ಯಾದಗಿರಿಗೆ ಬರುತ್ತೀರಾ ಎಂದು ಕೇಳಿದೆ.

"ನಾ ಬಂದ್ರ ಇಲ್ಲಿಗಿ ಯಾರ್ನ ಕಳಸ್ತೀರಿ ಸರ್?"

ಕಳಿಸಲು ನಮ್ಮಲ್ಲಿ ಯಾರೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು.

"ಹಂಗಾದ್ರ ಇವ್ರು ಹೇಳಿದ್ದನ್ನೇ ಬರ್ಕೋರಿ. ಒಳಗ ಎಲ್ಲಾ ಕೇಳಸ್ತು," ಎಂದರು. ಮಸ್ತಾನಸಾಬ್ ನೆಲ ನೋಡಿದ.

ಅಷ್ಟು ಕೆಟ್ಟದಾಗಿ ಬರೆಯಲು ನನಗೆ ಮನಸ್ಸಾಗಲಿಲ್ಲ. ‘ಸಾಧಾರಣ’ ಎಂದಷ್ಟೇ ಬರೆದೆ. ನಮ್ಮ ಇಲಾಖೆಯ ವರದಿಗಳಲ್ಲಿ ಅದನ್ನು ‘ಕೆಲಸಕ್ಕೆ ಬಾರದವರು’ ಎಂದೇ ಓದಿಕೊಳ್ಳುತ್ತಾರೆ. ಯಾದಗಿರಿಯ ಹುದ್ದೆ ಇನ್ನೂ ಖಾಲಿಯಿದೆ. ವರದಿ ಓದಿದ ಮೇಲಧಿಕಾರಿ ಮಾತ್ರ ನಿಟ್ಟುಸಿರಿಟ್ಟು, "ಪಾಪ, ಆ ಊರಿನವ್ರು ಹೆಂಗ ತಡ್ಕೊಂಡಾರೋ," ಎಂದರು.