ಬಾಗಿಲವರೆಗೆ ಬಂದ ಆಟೊ

ಸಾದಲಿಯಲ್ಲಿ ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಿಗೇ ಆಟೊ ಬಂದು ನಿಂತಿತು. ಹಿಪ್ಪುನೇರಳೆ ಸೊಪ್ಪು ಇಳಿಸುತ್ತ ಡ್ರೈವರ್ ಅನ್ವರ್ ಹೇಳಿದ: ‘ಹೊಸ ಬ್ಯಾಟರಿ ಗಾಡಿ ಸಾರ್. ಒಂದ್ಸಲ ಚಾರ್ಜ್ ಹಾಕಿದ್ರೆ ಚಿಂತಾಮಣಿಗೆ ಹೋಗಿ ಬರ್ತೀನಿ. ಡೀಸೆಲ್ ಗಾಡಿ ಇದ್ದಾಗ ಈ ಮನೆ ಆಯಮ್ಮ ರೋಡಲ್ಲೇ ನಿಲ್ಲಿಸ್ತಿದ್ರು.’

ಹುಳು ನೋಡಲು ಬಂದಿದ್ದ ನಾನೂ ಬೈಕನ್ನು ರಸ್ತೆಯಲ್ಲಿ ಬಿಟ್ಟು ಅವನ ಹಿಂದೆ ಒಳಗೆ ಹೊರಟೆ. ಮನೆಯೊಡತಿ ನಾರಾಯಣಮ್ಮ ಕೈ ಅಡ್ಡ ಹಿಡಿದರು.

‘ನೀವು ಬರಬ್ಯಾಡಿ ಸಾಮಿ.’

ಚಪ್ಪಲಿ ಬಿಟ್ಟೆ, ಕೈಕಾಲು ತೊಳೆದೆ, ಆಗಲೂ ಬಿಡಲಿಲ್ಲ. ಆಟೊಗಿರುವ ಮರ್ಯಾದೆ ನನಗೇಕಿಲ್ಲವೆಂದು ತಿಳಿಯದೆ ಪೆಚ್ಚಾಗಿ ನಿಂತೆ. ಆಕೆ ನನ್ನ ಪ್ಯಾಂಟಿನತ್ತ ಬೆರಳು ತೋರಿಸಿದರು.

‘ಪೆಟ್ರೋಲು ನಾರ್ತಾ ಇದ್ದೀರಲ್ಲಪ್ಪ. ಇನ್ನೊಂದು ವಾರಕ್ಕೆ ಗೂಡು ಕಟ್ಟೋ ಹುಳ, ಈ ವಾಸನೆಗೆ ಸೊಪ್ಪೇ ಮುಟ್ಟಲ್ಲ.’

ಬೆಳಿಗ್ಗೆ ಬಂಕಿನಲ್ಲಿ ಮಂಡಿಯ ಮೇಲೆ ಚೆಲ್ಲಿದ್ದು ನಾಲ್ಕೇ ಹನಿ. ರಸ್ತೆಗೆ ಮರಳಿ, ಬೈಕಿನ ಪಕ್ಕ ನಿಂತುಕೊಂಡೆ.